ಬ್ಯಾಂಡು ಅವರದು, ಪಟ್ಟಿ ನಮ್ಮದು

ಐರನ್ ಮೇಡನ್ ಎಂಬ ಹೆವಿ ಮೆಟಲ್ ರಾಕ್ ಸಂಗೀತದ ತಂಡವು 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಹುಟ್ಟಿದಾಗ, ಐವತ್ತು ವರ್ಷಗಳ ತರುವಾಯ ತನ್ನ ಹಾಡುಗಳ ಆಯ್ಕೆಗೆ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಒಪ್ಪಿಗೆ ಬೇಕಾದೀತೆಂದು ಅದರ ಸ್ಥಾಪಕ ಸ್ಟೀವ್ ಹ್ಯಾರಿಸ್ ಊಹಿಸಿರಲಾರರು. ಈಗ ಬೇಕಾಗಿದೆ. ತಂಡದ ಪ್ರೇತಮುಖದ ಲಾಂಛನವಾದ ಎಡ್ಡಿಯನ್ನು ಕಪ್ಪು ಟೀಶರ್ಟಿನ ಮೇಲೆ ಧರಿಸಿದ ನಮ್ಮೂರಿನ ಅಭಿಮಾನಿಗಳು, ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಡದ ಸಂಜೆಗಳಲ್ಲಿ ಕಾಫಿ ಅಂಗಡಿಯೊಂದರಲ್ಲಿ ಸೇರಿ, ‘ಸೆಟ್‌ಲಿಸ್ಟ್’ ಎಂದು ಕರೆಯಲಾಗುವ ಹಾಡುಗಳ ಪಟ್ಟಿಯನ್ನು ಬಜೆಟ್ ಅಧಿವೇಶನದ ಗಾಂಭೀರ್ಯದಿಂದ ಪರಿಶೀಲಿಸುತ್ತಾರೆ. ತಂಡವು 2007 ಮತ್ತು 2009ರಲ್ಲಿ ಬೆಂಗಳೂರಿನ ಅರಮನೆ ಮೈದಾನದವರೆಗೆ ಬಂದಿತ್ತೆಂಬುದು ನಿಜ. ಆದರೆ ಈಗ ಚರ್ಚೆಯಲ್ಲಿರುವ ಕಛೇರಿಗಳು ಬುಡಾಪೆಸ್ಟ್, ಲಂಡನ್‌ಗಳಂಥ ಊರುಗಳವು. ಚರ್ಚಿಸುವವರಲ್ಲಿ ಒಬ್ಬರ ಬಳಿಯೂ ಟಿಕೆಟ್ ಇಲ್ಲ, ಕೆಲವರ ಬಳಿ ಪಾಸ್‌ಪೋರ್ಟೂ ಇಲ್ಲ. ನಿಷ್ಪಕ್ಷಪಾತ ವಿಮರ್ಶೆಗೆ ಇದಕ್ಕಿಂತ ಹೆಚ್ಚಿನ ಅರ್ಹತೆಯನ್ನು ಯಾರೂ ಕೇಳಬಾರದು.

ವಿವಾದದ ಮೂಲವನ್ನು ತಿಳಿಯಬೇಕಾದರೆ 2006ಕ್ಕೆ ಹೋಗಬೇಕು. ಆ ವರ್ಷ ತಂಡವು ಹೊಸ ಆಲ್ಬಮ್ ಹೊರತಂದು, ಅದರ ಹತ್ತೂ ಹಾಡುಗಳನ್ನು, ಒಟ್ಟು ಎಪ್ಪತ್ತು ನಿಮಿಷಕ್ಕೂ ಮಿಕ್ಕಿ, ಒಂದನ್ನೂ ಬಿಡದೆ ವೇದಿಕೆಯ ಮೇಲೆ ನುಡಿಸಿತು. ಹಳೆಯದನ್ನು ಹಾಡಿರೆಂಬ ಕೂಗು ಅಲ್ಲಿ ಎದ್ದಿತು. ಇಲ್ಲಿನ ಹಿರಿಯ ಅಭಿಮಾನಿಗಳು ಆ ಅಪರಾಧವನ್ನು ಇಂದಿಗೂ ಕ್ಷಮಿಸಿಲ್ಲ. ಸರಿ, ಮುಂದೆ ಹಳೆಯದನ್ನೂ ಹಾಡಿದರು. ಆಗ, 1982ರ ‘ರನ್ ಟು ದ ಹಿಲ್ಸ್’ ಅನ್ನು ಇನ್ನೆಷ್ಟು ಸಲ ಕೇಳುವುದು, ಇವರ ಬುಟ್ಟಿಯಲ್ಲಿ ಬೇರೆ ಸರಕೇ ಇಲ್ಲವೇ ಎಂಬ ಆಕ್ಷೇಪಣೆ ಸಲ್ಲಿಕೆಯಾಯಿತು. ಅಪರೂಪದ ಹಾಡು ಬೇಕೆಂಬುದು ಹೊಸ ಬೇಡಿಕೆ. ಅದರಲ್ಲಿಯೂ 1986ರ ಆಲ್ಬಮಿನ ಕೊನೆಯಲ್ಲಿ ಕುಳಿತು, ಒಮ್ಮೆಯೂ ವೇದಿಕೆಯನ್ನು ಕಾಣದಿದ್ದ ‘ಅಲೆಕ್ಸಾಂಡರ್ ದ ಗ್ರೇಟ್’ ಎಂಬ ಎಂಟೂವರೆ ನಿಮಿಷದ ಹಾಡು ಬೇಕೇ ಬೇಕಾಗಿತ್ತು. ಅದನ್ನು ನುಡಿಸುವುದೊಂದೇ ಬ್ಯಾಂಡಿನ ಮರ್ಯಾದೆಯ ಪ್ರಶ್ನೆಯೆಂದು ತೀರ್ಮಾನವಾಯಿತು. ತಂಡ ಕೊನೆಗೂ 2023ರ ಮೇ ತಿಂಗಳಲ್ಲಿ ಸ್ಲೊವೇನಿಯಾದಲ್ಲಿ ಅದನ್ನು ನುಡಿಸಿತು. ಆ ಹಾಡಿಗಾಗಿ ಅಭಿಮಾನಿಗಳು ಕಾದದ್ದು 37 ವರ್ಷ; ಸ್ವತಃ ಅಲೆಕ್ಸಾಂಡರನು ಬದುಕಿದ್ದೇ 32.

ಸಂಭ್ರಮವೇನೋ ಆಯಿತು. ಆದರೆ ಕಾಫಿಯ ಬಿಸಿ ಆರುವ ಮುನ್ನವೇ ಯಾರೋ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಮತ್ತೊಮ್ಮೆ ಓದಿದರು. ‘ರನ್ ಟು ದ ಹಿಲ್ಸ್’ ಇಲ್ಲ! ‘ದ ನಂಬರ್ ಆಫ್ ದ ಬೀಸ್ಟ್’ ಕೂಡ ಇಲ್ಲ! ಅವಿಲ್ಲದ ಕಛೇರಿಯೂ ಒಂದು ಕಛೇರಿಯೇ ಎಂದು ಮೇಜು ಗುದ್ದಿದವರು, ಅವುಗಳನ್ನು ಕೇಳಿ ಕೇಳಿ ಕಿವಿ ಸವೆದಿದೆಯೆಂದು ಹಿಂದೆ ಮನವಿ ಸಲ್ಲಿಸಿದವರೇ ಆಗಿದ್ದರು. ತಂಡವು 2025ರಲ್ಲಿ ಸುವರ್ಣ ಮಹೋತ್ಸವದ ಪ್ರವಾಸ ಹೊರಟು, 1980ರಿಂದ 1992ರವರೆಗಿನ ಮೊದಲ ಒಂಬತ್ತು ಆಲ್ಬಮುಗಳ ಹಾಡುಗಳನ್ನು ಮಾತ್ರ ಹಾಡುವುದಾಗಿ ಸಾರಿದಾಗ, ಬಿಟ್ಟುಹೋಗಿದ್ದ ಎರಡೂ ಹಾಡುಗಳು ಮರಳಿ ಬಂದವು, ಅಲೆಕ್ಸಾಂಡರನು ಹೊರನಡೆದನು. ಈಗಿನ ತಕರಾರು ಏನೆಂದರೆ, ಇದು ಬರಿಯ ಗತವೈಭವದ ವ್ಯಾಪಾರ, ಕಲಾವಿದರಾದವರಿಗೆ ಹೊಸದನ್ನು ಹಾಡುವ ಧೈರ್ಯವಿರಬೇಕು.

ಈ ನಡುವೆ ಇನ್ನೊಂದು ಬಣವಿದೆ. ಅದನ್ನು ನಾನು ಗುಟ್ಟಿನ ಪಕ್ಷವೆಂದು ಕರೆಯುತ್ತೇನೆ. ಬುಡಾಪೆಸ್ಟಿನಲ್ಲಿ ಈ ಪ್ರವಾಸದ ಮೊದಲ ಕಛೇರಿ ಮುಗಿಯುತ್ತಲೇ ಪಟ್ಟಿ ಜಗತ್ತಿಗೆಲ್ಲ ತಿಳಿದುಬಿಟ್ಟಿತು. ಮೊದಲೇ ತಿಳಿದರೆ ಕಛೇರಿಯ ಸ್ವಾರಸ್ಯ ಕೆಡುತ್ತದೆಂಬುದು ಈ ಪಕ್ಷದ ಸಿದ್ಧಾಂತ. ಆದ್ದರಿಂದ ಪಟ್ಟಿಯ ಮಾತು ಬಂದೊಡನೆ ಇವರು ಎರಡೂ ಕಿವಿಗಳಿಗೆ ಬೆರಳಿಟ್ಟುಕೊಂಡು ಅಲ್ಲಿಯೇ ಕೂರುತ್ತಾರೆ. ಅಲ್ಲಿ ಪಟ್ಟಿಯ ಹೊರತು ಬೇರೆ ಮಾತೇ ಬಾರದಿರುವುದರಿಂದ ಇವರ ಕಾಫಿ ದಿನವೂ ಆರಿಹೋಗುತ್ತದೆ. ಹೋಗಲಾರದ ಕಛೇರಿಯ ಸ್ವಾರಸ್ಯವನ್ನು ಇಷ್ಟು ಜತನದಿಂದ ಕಾಯುವವರನ್ನು ಕಂಡಾಗ ನನಗೆ ಗೌರವವೇ ಮೂಡುತ್ತದೆ.

ಪ್ರತಿ ಊರಿನಲ್ಲಿಯೂ ಬೇರೆ ಬೇರೆ ಹಾಡು ಹಾಡಬಾರದೇಕೆ ಎಂಬ ಸಲಹೆಯೂ ಬಂದಿದೆ. ಒಂದೊಂದು ಹಾಡಿಗೂ ಅದರದೇ ಹಿನ್ನೆಲೆಯ ಚಿತ್ರ, ಬೆಳಕಿನ ಲೆಕ್ಕಾಚಾರ, ಎಡ್ಡಿಯ ಪ್ರವೇಶದ ಗಳಿಗೆ ಇವೆಲ್ಲ ನಿಗದಿಯಾಗಿರುವುದರಿಂದ ಪ್ರವಾಸದುದ್ದಕ್ಕೂ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆಂದು ವಿವರಿಸಿದವರನ್ನು ಕಂಪನಿಯ ಏಜೆಂಟರೆಂದು ಕರೆಯಲಾಯಿತು. ಹ್ಯಾರಿಸ್ ಹುಟ್ಟಿದ್ದು 1956ರಲ್ಲಿ, ಗಾಯಕ ಬ್ರೂಸ್ ಡಿಕಿನ್ಸನ್ ಹುಟ್ಟಿದ್ದು 1958ರಲ್ಲಿ. ಈ ವಯಸ್ಸಿನಲ್ಲಿಯೂ ಅವರು ವೇದಿಕೆಯ ಉದ್ದಗಲಕ್ಕೆ ಓಡಾಡುತ್ತಾರೆ. ಡಿಕಿನ್ಸನ್ನರ ಕಂಠದಲ್ಲಿ ಮೊದಲಿನ ಕಸುವಿಲ್ಲವೆಂದು ಷರಾ ಬರೆದ ತರುಣನೊಬ್ಬನು ಮುಳ್ಳಯ್ಯನಗಿರಿಯ ಮೆಟ್ಟಿಲುಗಳನ್ನು ಅರ್ಧ ಹತ್ತಿ, ಏದುಸಿರು ಬಿಡುತ್ತ ಕುಳಿತು ನೀರು ಕೇಳಿದ್ದನ್ನು ಕಂಡವರಿದ್ದಾರೆ.

ಇಷ್ಟರಲ್ಲಿ ಗಣೇಶೋತ್ಸವ ಬಂದಿತು, ಬಡಾವಣೆಯಲ್ಲಿ ಆರ್ಕೆಸ್ಟ್ರಾ ಏರ್ಪಾಡಾಯಿತು. ಮುಂದಿನ ಸಾಲಿನಲ್ಲಿ ಕಪ್ಪು ಟೀಶರ್ಟುಗಳೆಲ್ಲವೂ ಬಣಭೇದವಿಲ್ಲದೆ ಹಾಜರಿದ್ದವು. ಎಳೆಯ ಗಾಯಕನೊಬ್ಬನು ಮೈಕಿನ ಮುಂದೆ ಬಂದು, ತಾನೇ ಬರೆದು ರಾಗ ಹಾಕಿದ ಹಾಡೊಂದನ್ನು ಹಾಡುವೆನೆಂದು ವಿನಯದಿಂದ ಅರಿಕೆ ಮಾಡಿಕೊಂಡನು. ಒಂದು ಚರಣ ಮುಗಿಯಲೂ ಬಿಡದೆ ಮುಂದಿನ ಸಾಲಿನಿಂದ ಚೀಟಿಗಳು, ಹತ್ತು ರೂಪಾಯಿಯ ನೋಟಿನೊಡನೆ, ವೇದಿಕೆಗೆ ಹೋಗತೊಡಗಿದವು. ಎಲ್ಲದರಲ್ಲಿಯೂ ಇದ್ದದ್ದು ಒಂದೇ ಹಳೆಯ ಸಿನಿಮಾ ಹಾಡು. ಅದನ್ನು ಹಾಡಿದ್ದಾಯಿತು, ಒನ್ಸ್ ಮೋರ್ ಎಂದರು, ಮತ್ತೆ ಹಾಡಿದ್ದಾಯಿತು. ಮೂರನೆಯ ಸಲ ಅದರ ಪಲ್ಲವಿ ಎದ್ದಾಗ, ಗುಟ್ಟಿನ ಪಕ್ಷದವರು ಕೂಡ ತಿಂಗಳುಗಟ್ಟಲೆ ಕಿವಿ ಕಾದಿದ್ದ ಬೆರಳುಗಳನ್ನು ಬಾಯಿಗಿಟ್ಟು, ಬಡಾವಣೆಯೇ ಬೆಚ್ಚುವಂತೆ ಸಿಳ್ಳೆ ಹೊಡೆದರು.