ಜೋಡಿ ಹತ್ತೂದಿಲ್ಲೋ ತಮ್ಮಾ

ನಾನು ಕೆಲಸ ಮಾಡುವ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಹಿರಿಯರೊಬ್ಬರಿದ್ದಾರೆ. ಹುಟ್ಟಿ ಬೆಳೆದದ್ದೆಲ್ಲ ಉತ್ತರ ಫಿಲಡೆಲ್ಫಿಯಾದಲ್ಲೇ. ಬಾಕ್ಸರ್ ಜೋ ಫ್ರೇಜಿಯರ್ ಹೆಸರನ್ನು ತಮ್ಮ ಓಣಿಯ ಹುಡುಗನ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ನಮಗೆ ಊಟದ ಬಿಡುವು ಅರ್ಧ ತಾಸು. ಅದರಲ್ಲಿ ಇಪ್ಪತ್ತು ನಿಮಿಷ ಒಂದೇ ಮಾತು, ಬಾಕ್ಸಿಂಗ್. ಮೈಕ್ ಟೈಸನ್ ಎದುರು ಮುಹಮ್ಮದ್ ಅಲಿ ನಿಂತಿದ್ದರೆ? ಜೋ ಲೂಯಿಸ್‌ಗೂ ಈಗಿನ ಫ್ಯೂರಿಗೂ ಕಾದಾಟ ಇಟ್ಟಿದ್ದರೆ? ಮಾರ್ಸಿಯಾನೊ ಇವತ್ತು ಇದ್ದಿದ್ದರೆ?

ಸತ್ತವರನ್ನೂ ಮುದುಕರಾದವರನ್ನೂ ಎಬ್ಬಿಸಿ ತಂದು, ಇಪ್ಪತ್ತೈದರ ಪ್ರಾಯ ಕೊಟ್ಟು, ಹೊಡೆದಾಡಿಸುವುದು ಇಲ್ಲಿನವರಿಗೆ ಬಹಳ ಇಷ್ಟ. ಮೊದಮೊದಲು ನನಗೆ ಇದು ಸುಮ್ನೆ ಹೊತ್ತು ಕಳೆಯುವ ಮಾತು ಅನಿಸುತ್ತಿತ್ತು. ಈಗ ನಾನೇ ಡಬ್ಬಿ ಬಿಚ್ಚುವ ಮೊದಲು ಮಾತು ತೆಗೆಯುತ್ತೇನೆ.

ನಾನು ಚಿಕ್ಕೋಡಿ ಕಡೆಯವನು. ನಮ್ಮಲ್ಲಿ ಬಾಕ್ಸಿಂಗ್ ಇರಲಿಲ್ಲ, ಇದ್ದದ್ದು ಕುಸ್ತಿ. ಜಾತ್ರೆ ಬಂತೆಂದರೆ ತೇರಿನಷ್ಟೇ ಕುಸ್ತಿ ಮೈದಾನವೂ ಮುಖ್ಯ. ನಮ್ಮ ಮಾಮಾ, ಅಂದರೆ ಅವ್ವನ ಅಣ್ಣ, ಜಾತ್ರೆ ಕಮಿಟಿಯಲ್ಲಿ ಮೂವತ್ತು ವರ್ಷ ಒಂದೇ ಕೆಲಸ ಮಾಡಿದರು. ಜೋಡಿ ಹಚ್ಚುವ ಕೆಲಸ. ದೊಡ್ಡ ಕುಸ್ತಿಗಳು ಮೊದಲೇ ಗೊತ್ತಾಗಿ ಗೋಡೆಗಳ ಮೇಲೆ ಪೋಸ್ಟರ್ ಬಿದ್ದಿರುತ್ತವೆ. ಉಳಿದವು ಅಲ್ಲೇ, ಮಣ್ಣಿನ ಮೇಲೇ ನಿರ್ಧಾರ. ಹುಡುಗರು ಅಂಗಿ ಬಿಚ್ಚಿ ಬಂದು ನಿಲ್ಲುತ್ತಾರೆ. ಮಾಮಾ ಒಬ್ಬನ ಭುಜ ಮುಟ್ಟಿ ನೋಡಬೇಕು, ಇನ್ನೊಬ್ಬನ ಕುತ್ತಿಗೆ ನೋಡಬೇಕು, ಯಾವ ಗರಡಿ ಮನೆಯ ತಾಲೀಮು ಅಂತ ಕೇಳಬೇಕು. ಆಮೇಲೆ ಇಬ್ಬರ ಕೈ ಕೂಡಿಸಬೇಕು. ಕೈ ಕೂಡಿತೆಂದರೆ ಹಲಗಿ ಶುರು. ಕೂಡದಿದ್ದರೆ ಅವರ ಬಾಯಲ್ಲಿ ಬರುವುದು ಒಂದೇ ಮಾತು, "ಜೋಡಿ ಹತ್ತೂದಿಲ್ಲೋ ತಮ್ಮಾ."

ಇಲ್ಲಿನವರಿಗೂ ನಮ್ಮವರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಇಲ್ಲಿ ಕೇಳುವುದು ಯಾರು ದೊಡ್ಡವನು ಅಂತ. ಮಾಮಾ ಕೇಳುತ್ತಿದ್ದದ್ದು ಇವನಿಗೆ ಅವನು ಜೋಡಿಯೋ ಅಲ್ಲವೋ ಅಂತ. ಎರಡೂ ಒಂದೇ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ.

ಇಲ್ಲಿನ ರೀತಿಗೆ ಒಂದು ಒಳ್ಳೆಯ ಕತೆ ಇದೆ. 1967ರಲ್ಲಿ ಮಯಾಮಿಯ ಮರ್ರಿ ವೊರೋನರ್ ಎಂಬ ರೇಡಿಯೋ ಮನುಷ್ಯನಿಗೆ ಒಂದು ವಿಚಾರ ಹೊಳೆಯಿತು. ಎಲ್ಲ ಕಾಲದ ಹೆವಿವೇಟ್ ಚಾಂಪಿಯನ್‌ಗಳ ಲೆಕ್ಕವನ್ನು ಕಂಪ್ಯೂಟರಿಗೆ ತುಂಬಿ, ಅದು ಹೇಳಿದ ಹಾಗೆ ರೇಡಿಯೋದಲ್ಲಿ ಕಾಮೆಂಟರಿ ಕೊಡುವುದು. ಕೊನೆಗೆ ಗೆದ್ದದ್ದು ರಾಕಿ ಮಾರ್ಸಿಯಾನೊ. ಅಲಿಯನ್ನು ಆ ಕಂಪ್ಯೂಟರ್ ಕ್ವಾರ್ಟರ್ ಫೈನಲ್‌ನಲ್ಲೇ, 1900ರ ಆಸುಪಾಸಿನ ಜಿಮ್ ಜೆಫ್ರೀಸ್ ಕೈಲಿ ಸೋಲಿಸಿತು. ಅಲಿ ಸುಮ್ಮನಿರುವ ಗಿರಾಕಿಯೇ? ಹತ್ತು ಲಕ್ಷ ಡಾಲರಿಗೆ ಕೇಸು ಹಾಕಿದ. ಆ ಜಗಳ ರಾಜಿಯಾಗಿ ಇನ್ನೊಂದು ವಿಚಿತ್ರಕ್ಕೆ ದಾರಿಯಾಯಿತು. 1969ರಲ್ಲಿ ಅಲಿಯನ್ನೂ ಮಾರ್ಸಿಯಾನೊನನ್ನೂ ನಿಜವಾಗಿಯೇ ರಿಂಗಿಗೆ ಇಳಿಸಿ ಚಿತ್ರ ತೆಗೆದರು. ಆಗ ಅಲಿಯ ಪದವಿ ಕಿತ್ತುಕೊಂಡಾಗಿತ್ತು, ಕೈಯಲ್ಲಿ ಕೆಲಸವಿರಲಿಲ್ಲ. ಮಾರ್ಸಿಯಾನೊಗೆ ನಲವತ್ತೈದು ವರ್ಷ. ಸುಮಾರು 50 ಪೌಂಡ್ ತೂಕ ಇಳಿಸಿ, ಬೋಳು ಮುಚ್ಚಲು ಟೋಪನ್ ಇಟ್ಟುಕೊಂಡು ಬಂದ. ಒಂದೊಂದು ನಿಮಿಷದಂತೆ ಎಪ್ಪತ್ತಕ್ಕೂ ಜಾಸ್ತಿ ರೌಂಡ್ ಆಡಿಸಿದರು. ಅವನು ಬಿದ್ದ ಹಾಗೆ ಒಂದು, ಇವನು ಬಿದ್ದ ಹಾಗೆ ಇನ್ನೊಂದು ಅಂತ ಬೇರೆ ಬೇರೆ ಕೊನೆ ತೆಗೆದಿಟ್ಟರು. ಕಂಪ್ಯೂಟರ್ ತೀರ್ಪಿನಂತೆ ಯಾವುದು ಹೊರಗೆ ಬರುತ್ತದೆ ಅಂತ ಆಡಿದ ಇಬ್ಬರಿಗೂ ಹೇಳಲಿಲ್ಲ.

ಮಾರ್ಸಿಯಾನೊಗೆ ಅದು ಕೊನೆಗೂ ಗೊತ್ತಾಗಲಿಲ್ಲ. ಚಿತ್ರ ಮುಗಿದ ಕೆಲವೇ ವಾರಗಳಲ್ಲಿ, ಆಗಸ್ಟ್ 31ರಂದು, ವಿಮಾನ ಬಿದ್ದು ತೀರಿಕೊಂಡ. 1970ರ ಜನವರಿಯಲ್ಲಿ ಥಿಯೇಟರುಗಳಲ್ಲಿ ತೋರಿಸಿದಾಗ ಅಮೆರಿಕದವರು ನೋಡಿದ್ದು 13ನೇ ರೌಂಡಿನಲ್ಲಿ ಅಲಿ ನೆಲಕ್ಕೆ ಬಿದ್ದದ್ದನ್ನು. ಬ್ರಿಟನ್ನಿನವರಿಗೆ ತೋರಿಸಿದ್ದು ಅಲಿ ಗೆದ್ದದ್ದನ್ನು! ಅಂದಮೇಲೆ ಕಂಪ್ಯೂಟರಿಗೆ ಊರು ನೋಡಿ ತೀರ್ಪು ಕೊಡುವುದು ಗೊತ್ತಿತ್ತು ಅಂತಾಯಿತು. ಈ ವಿದ್ಯೆ ನಮ್ಮ ಜಾತ್ರೆ ಕಮಿಟಿಗಳಿಗೂ ಚೆನ್ನಾಗಿ ಗೊತ್ತು. ಊರ ಗೌಡರ ಮಗನಿಗೆ ಹಗುರ ಜೋಡಿ ಹಚ್ಚಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಒಂದು ಸಲ ಮಾಮಾಗೆ ಫೋನ್ ಹಚ್ಚಿ ಈ ಮಾರ್ಸಿಯಾನೊ ಕತೆ ಹೇಳಿದೆ. 49 ಕಾದಾಟ, 49 ಗೆಲುವು, ಒಂದೂ ಸೋಲಿಲ್ಲ ಮಾಮಾ, ಈಗಿನವರ ಎದುರು ಏನಾಗಬಹುದು ಅಂದೆ. ಎತ್ತರ, ತೂಕ ಕೇಳುತ್ತಾರೆ ಅಂತ ನಾನು ಲೆಕ್ಕ ಸಿದ್ಧ ಮಾಡಿಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

"ಎಷ್ಟ ಹೊತ್ತಿನ ಕುಸ್ತಿನೋ ಅದು? ಮುಗಿಯೂತನಕಾನೋ, ಗಡಿಯಾರ ಇಟ್ಟೋ?"

ನಮ್ಮ ಕಡೆ ಇದು ದೊಡ್ಡ ಪ್ರಶ್ನೆ. ನಿಕಾಲಿ ಕುಸ್ತಿ ಅಂದರೆ ಬೆನ್ನು ಮಣ್ಣಿಗೆ ಹತ್ತುವವರೆಗೂ ಆಟ. ಮ್ಯಾಟ್ ಕುಸ್ತಿ ಅಂದರೆ ಮೂರು ಮೂರು ನಿಮಿಷ, ಆರು ನಿಮಿಷಕ್ಕೆ ಮುಗಿಯಿತು, ಪಾಯಿಂಟ್ ಎಣಿಸು. ಒಂದರಲ್ಲಿ ಹುಲಿ ಆದವನು ಇನ್ನೊಂದರಲ್ಲಿ ಬೆಕ್ಕು ಆಗಬಹುದು.

ಫೋನ್ ಇಟ್ಟಮೇಲೆ ಕೂತು ಹಳೆಯ ದಾಖಲೆ ತೆಗೆದು ನೋಡಿದೆ. ಮಾರ್ಸಿಯಾನೊ ಚಾಂಪಿಯನ್ ಆದದ್ದು ಇದೇ ಫಿಲಡೆಲ್ಫಿಯಾದಲ್ಲಿ, 1952ರ ಸೆಪ್ಟೆಂಬರ್ 23ರಂದು. ಎದುರಿಗಿದ್ದವನು ನದಿಯಾಚೆಯ ಕ್ಯಾಮ್ಡೆನ್‌ನ ಜರ್ಸಿ ಜೋ ವಾಲ್ಕಾಟ್. ಮೊದಲನೇ ರೌಂಡಿನಲ್ಲೇ ಮಾರ್ಸಿಯಾನೊ ಕೆಳಗೆ ಬಿದ್ದ. 12 ರೌಂಡ್ ಮುಗಿದಾಗ ಮೂರೂ ತೀರ್ಪುಗಾರರ ಚೀಟಿಯಲ್ಲಿ ಹಿಂದೆ ಇದ್ದ. 13ರಲ್ಲಿ ಬಲಗೈ ಒಂದೇ ಏಟು, ವಾಲ್ಕಾಟ್ ಹಗ್ಗ ಹಿಡಿದು ಮೊಣಕಾಲೂರಿದ. ಆಗ ಚಾಂಪಿಯನ್ ಕಾದಾಟ ಅಂದರೆ 15 ರೌಂಡ್. ಇವತ್ತು 12. 1982ರ ನವೆಂಬರಿನಲ್ಲಿ ಕೊರಿಯಾದ ಕಿಮ್ ಡುಕ್ ಕೂ ಎಂಬ ಹುಡುಗ 14ನೇ ರೌಂಡಿನಲ್ಲಿ ಬಿದ್ದು ತೀರಿಕೊಂಡಮೇಲೆ, ಒಂದೊಂದಾಗಿ ಎಲ್ಲ ಸಂಸ್ಥೆಗಳೂ 12ಕ್ಕೆ ಇಳಿಸಿದವು. ಸರಿಯಾದ ಕೆಲಸವೇ. ಆದರೆ ಇವತ್ತಿನ ನಿಯಮದಲ್ಲಿ ಆ ರಾತ್ರಿ ಆಡಿಸಿದ್ದರೆ ಗೆದ್ದವನು ವಾಲ್ಕಾಟ್. 49ಕ್ಕೆ 49 ಎಂಬ ಆ ಲೆಕ್ಕವೇ ಇರುತ್ತಿರಲಿಲ್ಲ.

ಇದು ಒಂದೇ ಅಲ್ಲ. 1941ರ ಜೂನ್‌ನಲ್ಲಿ ಜೋ ಲೂಯಿಸ್ ಎದುರು ಬಿಲ್ಲಿ ಕಾನ್. ತನಗಿಂತ ಸುಮಾರು 25 ಪೌಂಡ್ ಜಾಸ್ತಿ ತೂಕದ ಚಾಂಪಿಯನ್‌ನನ್ನು ಕಾನ್ 12 ರೌಂಡ್ ಕುಣಿಸಿ ಮುಂದೆ ಇದ್ದ. ಮುಂದೆ ಇದ್ದೇನೆ, ಕೆಡವಿಯೇ ಬಿಡುತ್ತೇನೆ ಅಂತ 13ರಲ್ಲಿ ಮೈಮೇಲೆ ಹೋದ. ಲೂಯಿಸ್ ಮಲಗಿಸಿದ. ಇನ್ನೂ ಹಿಂದಕ್ಕೆ ಹೋದರೆ, 1915ರಲ್ಲಿ ಹವಾನಾದ ಬಿಸಿಲಿನಲ್ಲಿ ಜಾಕ್ ಜಾನ್ಸನ್ ಸೋತದ್ದು 26ನೇ ರೌಂಡಿನಲ್ಲಿ. ಗೊತ್ತು ಮಾಡಿದ್ದು 45 ರೌಂಡ್! ಆ ಜಾನ್ಸನ್‌ನನ್ನು ತಂದು 12 ರೌಂಡಿನವರ ಪಕ್ಕ ನಿಲ್ಲಿಸಿ, ಯಾರು ಮೇಲು ಅಂತ ಕೇಳಿದರೆ ನಾನು ಏನು ಹೇಳಲಿ?

ಇದನ್ನೆಲ್ಲ ಮರುದಿನ ಊಟಕ್ಕೆ ಕೂತಾಗ ಹೇಳಿದೆ. ಹಿರಿಯರು ಸ್ಯಾಂಡ್‌ವಿಚ್ ಕೆಳಗಿಟ್ಟರು. "ನಿನ್ನ ಮಾವ ಬಾಕ್ಸರಾ?" ಅಂತ ಕೇಳಿದರು. ಅಲ್ಲ, ಕಬ್ಬು ಬೆಳೆಯುತ್ತಾರೆ ಅಂದೆ.

ತೂಕದ ಮಾತು ಬಿಡುವ ಹಾಗಿಲ್ಲ. ಇಲ್ಲಿ ಟೇಪ್ ಹಿಡಿದು ಅಳೆದ ಲೆಕ್ಕಕ್ಕೆ ಬಹಳ ಬೆಲೆ. ಮಾರ್ಸಿಯಾನೊ 5 ಅಡಿ 10 ಇಂಚು, 185 ಪೌಂಡಿನ ಸುತ್ತಮುತ್ತ, ಎರಡೂ ಕೈ ಚಾಚಿದರೆ 68 ಇಂಚು. ಫ್ಯೂರಿ 6 ಅಡಿ 9 ಇಂಚು, ಚಾಚಿದರೆ 85. ಇದನ್ನು ನೋಡಿದರೆ ಮಾಮಾ ಕೈ ಕೂಡಿಸುವುದಿರಲಿ, ಮಾರ್ಸಿಯಾನೊನನ್ನು ಬೆನ್ನು ತಟ್ಟಿ ಮನೆಗೆ ಕಳಿಸುತ್ತಿದ್ದರು. ಈಗ 200 ಪೌಂಡಿನ ಒಳಗಿದ್ದವರಿಗೆ ಕ್ರೂಸರ್‌ವೇಟ್ ಅಂತ ಬೇರೆ ವರ್ಗವೇ ಇದೆ. ಮಾರ್ಸಿಯಾನೊ ಅದಕ್ಕೆ ಸೇರಬೇಕು, 187 ಪೌಂಡಿನ ಹಳೆಯ ಚಾಂಪಿಯನ್ ಜಾಕ್ ಡೆಂಪ್ಸಿಯೂ ಅಲ್ಲಿಗೇ.

ಹಾಗಂತ ದೊಡ್ಡ ಮೈಯವನೇ ಗೆಲ್ಲುತ್ತಾನೆ ಅನ್ನುವ ಹೊಸ ಹುಡುಗರ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಡೆಂಪ್ಸಿ 1919ರಲ್ಲಿ 6 ಅಡಿ 6 ಇಂಚಿಗೂ ಎತ್ತರದ ಜೆಸ್ ವಿಲ್ಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ. (ಬಿದ್ದವನು ಏಳುವಾಗ ಪಕ್ಕದಲ್ಲೇ ನಿಂತು ಮತ್ತೆ ಹೊಡೆಯಬಹುದಿತ್ತು ಆಗ. ಈಗ ದೂರದ ಮೂಲೆಗೆ ಹೋಗಿ ನಿಲ್ಲಬೇಕು.) ಹಳೇ ಕತೆ ಬೇಡ ಅಂದರೆ 2024 ನೋಡಿ. ಉಕ್ರೇನಿನ ಉಸಿಕ್, ಕ್ರೂಸರ್‌ವೇಟ್‌ನಿಂದಲೇ ಮೇಲೆ ಬಂದವನು, ಒಂದೇ ವರ್ಷದಲ್ಲಿ ಎರಡು ಸಲ ಫ್ಯೂರಿಯನ್ನು ರಿಯಾದ್‌ನಲ್ಲಿ ಸೋಲಿಸಿದ. ಡಿಸೆಂಬರಿನ ಎರಡನೇ ಕಾದಾಟದಲ್ಲಿ ಫ್ಯೂರಿ 55 ಪೌಂಡ್ ಜಾಸ್ತಿ ಇದ್ದ.

ಹಾಗಾದರೆ ಟೇಪೂ ಅಲ್ಲ, ಸೋಲು ಗೆಲುವಿನ ಲೆಕ್ಕವೂ ಅಲ್ಲ. ಮತ್ತೆ ಯಾವುದು? ನನಗೆ ಇದನ್ನು ತಿಳಿಸಿಕೊಟ್ಟದ್ದು ಮೂರು ಹೆಸರು. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನಲ್ಲಿ ಫ್ರೇಜಿಯರ್ ಅಲಿಯನ್ನು ಸೋಲಿಸಿದ, 15ನೇ ರೌಂಡಿನಲ್ಲಿ ಎಡಗೈ ಹುಕ್‌ನಿಂದ ಕೆಡವಿದ. 1973ರ ಜನವರಿಯಲ್ಲಿ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡು ರೌಂಡಿನಲ್ಲಿ ಆರು ಸಲ ನೆಲಕ್ಕೆ ಹಾಕಿದ. 1974ರ ಅಕ್ಟೋಬರ್ 30ರಂದು ಕಿನ್ಷಾಸಾದಲ್ಲಿ ಅಲಿ ಅದೇ ಫೋರ್‌ಮನ್‌ನನ್ನು 8ನೇ ರೌಂಡಿನಲ್ಲಿ ಮಲಗಿಸಿದ. ಈಗ ಹೇಳಿ, ಮೂವರಲ್ಲಿ ಯಾರು ದೊಡ್ಡವನು? ಲೆಕ್ಕ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ನಾಲ್ಕು ವರ್ಷದ ಒಳಗೆ, ಒಂದೇ ನಿಯಮದಲ್ಲಿ, ಮೂವರೂ ಜೀವಂತ ಇದ್ದಾಗಲೇ ಹೀಗೆ.

ಮಾಮಾಗೆ ಇದನ್ನು ಹೇಳಿದರೆ ಆಶ್ಚರ್ಯವೇ ಆಗಲಿಲ್ಲ. ತಗ್ಗಿ ಒಳಗೆ ನುಗ್ಗುವವನಿಗೆ ಎತ್ತಿ ಒಗೆಯುವವನು ಸಿಕ್ಕರೆ ಮುಗಿಯಿತು, ಎತ್ತುವವನಿಗೆ ಕೈಗೆ ಸಿಗದೆ ದಣಿಸುವವನು ಸಿಕ್ಕರೆ ಮುಗಿಯಿತು ಅಂದರು. ಫ್ರೇಜಿಯರ್, ಫೋರ್‌ಮನ್, ಅಲಿ ಮೂವರದೂ ಅದರಲ್ಲಿ ಬಂತು. ಮೂವರನ್ನೂ ಅವರು ಒಂದು ಸಲವೂ ನೋಡಿದವರಲ್ಲ.

ನಮ್ಮ ರೀತಿಯೇ ಮೇಲು ಅಂತ ನಾನು ಹೇಳುತ್ತಿಲ್ಲ. ನಮ್ಮವರದ್ದು ದೊಡ್ಡ ತಪ್ಪು ಒಂದಿದೆ, ಬರೆದಿಡುವುದಿಲ್ಲ. ಚಿಕ್ಕೋಡಿ ಪಕ್ಕದ ಯಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ಪಂಜಾಬಿನ ಬಂತಾ ಸಿಂಗ್‌ನನ್ನು ಸೋಲಿಸಿ ಹಿಂದ್ ಕೇಸರಿ, ಅಂದರೆ ದೇಶದ ಕುಸ್ತಿ ಚಾಂಪಿಯನ್, ಆದವರು. ಕೊಲ್ಲಾಪುರದಲ್ಲಿ ತಯಾರಾದರು, 2020ರಲ್ಲಿ ತೀರಿಕೊಂಡರು. ಅವರ ಬಗ್ಗೆ ಊರಲ್ಲಿ ಕೇಳಿದರೆ ಎಷ್ಟು ಸೇರು ಹಾಲು ಕುಡಿಯುತ್ತಿದ್ದರು, ಎಷ್ಟು ಸಾವಿರ ಬೈಠಕ್ ಹೊಡೆಯುತ್ತಿದ್ದರು ಅಂತ ಹೇಳುತ್ತಾರೆ. ಪ್ರತಿ ಸಲ ಕೇಳಿದಾಗಲೂ ಹಾಲು ಒಂದು ಸೇರು ಜಾಸ್ತಿ ಆಗಿರುತ್ತದೆ. ಯಾವ ಊರಲ್ಲಿ, ಯಾರ ಮೇಲೆ, ಎಷ್ಟು ನಿಮಿಷದಲ್ಲಿ, ಯಾವ ಡಾವಿನಿಂದ, ಅಂದರೆ ಯಾವ ಪಟ್ಟಿನಿಂದ? ಅದು ಯಾರಿಗೂ ಬೇಡ. ಇಲ್ಲಿ 1952ರ ಮೂರು ತೀರ್ಪುಗಾರರ ಚೀಟಿ ನನಗೆ ಮನೆಯಲ್ಲೇ ಕೂತು ಸಿಗುತ್ತದೆ. ಮಾಮಾ ತಾವೇ ಆಡಿದ ಕುಸ್ತಿಗಳಲ್ಲಿ ಉಳಿದಿರುವುದು ಒಂದು ಹರಿದ ಪೋಸ್ಟರ್, ಅದರಲ್ಲೂ ಅವರ ಹೆಸರು ತಪ್ಪಾಗಿ ಅಚ್ಚಾಗಿದೆ.

ಸರಿ, ಇಷ್ಟೆಲ್ಲ ಹೇಳಿದಮೇಲೆ ನೀನು ಯಾರ ಕಡೆ ಅಂತ ಕೇಳುತ್ತೀರಿ, ಅಲ್ವಾ? 1966ರ ಅಲಿಗೂ 1988ರ ಮೈಕ್ ಟೈಸನ್‌ಗೂ ಹಚ್ಚಿದರೆ, 15 ರೌಂಡ್ ಆದರೆ ಅಲಿ, ಯೋಚನೆಯೇ ಬೇಡ. 12 ಆದರೂ ಅಲಿಯೇ, ಆದರೆ ಮೊದಲ ನಾಲ್ಕು ರೌಂಡ್ ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ. ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ ಟೈಸನ್ ಅವನು. ಲೂಯಿಸ್ ಮತ್ತು ಉಸಿಕ್ ನಿಂತರೆ ಉಸಿಕ್ ಪಾಯಿಂಟ್ ಮೇಲೆ ಗೆಲ್ಲಬಹುದು. ಟೈಸನ್ ಎದುರು ಫ್ರೇಜಿಯರ್? ಇಬ್ಬರೂ ತಗ್ಗಿ ನುಗ್ಗುವವರು, ಎರಡು ಟಗರು ಎದುರು ಬದುರು ಬಿಟ್ಟ ಹಾಗೆ. ಟೈಸನ್ ನಾಲ್ಕು ರೌಂಡಿನಲ್ಲಿ ಮುಗಿಸುತ್ತಾನೆ ಅಂದೆ. ಫೋರ್ಕ್‌ಲಿಫ್ಟ್ ಹಿರಿಯರು ಎರಡು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಹೋದ ಸಲ ಜಾತ್ರೆಗೆ ಊರಿಗೆ ಹೋದಾಗ ಮಾಮಾ ಮನೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದೆ. ಪೈಲ್ವಾನ ಗೆಲ್ಲುತ್ತಾನೋ ಬಾಕ್ಸರ್ ಗೆಲ್ಲುತ್ತಾನೋ ಅಂತ ಊರ ಹುಡುಗರು ನನ್ನನ್ನು ಕೇಳುತ್ತಿದ್ದರು, ಅದಕ್ಕೆ. 1976ರ ಜೂನ್ 26, ಟೋಕಿಯೋ. ಅಲಿ ಎದುರು ಜಪಾನಿನ ಪೈಲ್ವಾನ ಆಂಟೋನಿಯೊ ಇನೋಕಿ. ಇದು ಕಲ್ಪನೆಯಲ್ಲ, ನಿಜವಾಗಿ ನಡೆದದ್ದು. ಇನೋಕಿ 15 ರೌಂಡಿನ ಬಹುಪಾಲು ಬೆನ್ನ ಮೇಲೆ ಮಲಗಿಕೊಂಡೇ ಅಲಿಯ ಕಾಲಿಗೆ ಒದ್ದ. ಅಲಿ ಸುತ್ತ ಓಡಾಡುತ್ತ ಏಳು, ಏಳು ಅಂದ. ಕೊನೆಗೆ ಸಮ ಅಂತ ಬಿಡಿಸಿದರು. ಅಲಿಯ ಕಾಲು ಬಾತು ಆಸ್ಪತ್ರೆ ಸೇರಬೇಕಾಯಿತು. ಅದೇ ಇನೋಕಿ ಆ ಡಿಸೆಂಬರಿನಲ್ಲಿ ಕರಾಚಿಗೆ ಹೋಗಿ ಗಾಮಾ ಪೈಲ್ವಾನರ ತಮ್ಮನ ಮಗ ಅಕ್ರಮ್‌ನ ಕೈ ಮುರಿದ ಅಂತಲೂ ಹೇಳಿದೆ.

ಮಾಮಾ ಪೂರ್ತಿ ನೋಡಿದರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು.

"ಮಣ್ಣ ಮ್ಯಾಲ ತಾನ ಬೆನ್ನ ಹಚ್ಚಿ ಮಲಕೊಂಡಾನಲ್ಲೋ. ಅಲ್ಲಿಗೇ ಚಿತ್ ಆತಲ್ಲ!"

ಅಲ್ಲಿ ಹಾಗೆ ಲೆಕ್ಕ ಇಲ್ಲ ಮಾಮಾ ಅಂದೆ.

"ಹಂಗಾದ್ರ ಈ ಜೋಡಿ ಹಚ್ಚಿದವ ಯಾವನೋ? ಅವನ್ನ ನಮ್ಮ ಕಮಿಟಿಗೆ ಮಾತ್ರ ಸೇರಿಸಬ್ಯಾಡ್ರಪಾ."