ನೋವು ಹೋದ ಮಾತ್ರಕ್ಕೆ ಕೊಡ ಎತ್ತಬೇಡಿ

ಬೆನ್ನುಮೂಳೆಗೆ ಹಬ್ಬಿದ ಕ್ಯಾನ್ಸರ್‌ಗೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಬಂದವರನ್ನು ನಮ್ಮ ಕಡೆ ಬೇಗ ಕೆಲಸಕ್ಕೆ ಬಿಟ್ಟುಬಿಡುತ್ತೇವೆ. ಬೇಕಂತ ಅಲ್ಲ. ನೋವು ಇಳಿದರೆ ವಾಸಿಯಾಯ್ತು ಅಂತಲೇ ನಂಬುತ್ತೇವೆ. ಹಾಗಲ್ಲ ಅಂತ ಬಿಡಿಸಿ ಹೇಳುವವರೇ ಇಲ್ಲ, ನನ್ನ ಸಿಟ್ಟು ಅದಕ್ಕೆ.

ನಮ್ಮ ಚಿಗವ್ವನಿಗೆ ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಕೊಪ್ಪಳದಿಂದ ಹುಬ್ಬಳ್ಳಿಗೆ ಕರೆದೊಯ್ದು ರೇಡಿಯೇಷನ್ ಮಾಡಿಸಿದೆವು. ಶುರುವಿನಲ್ಲಿ ನೋವು ಇನ್ನೂ ಜಾಸ್ತಿಯಾಯ್ತು. ಹಾಗಾಗೋದು ಅಪರೂಪವೇನಲ್ಲ, ಕೆಲ ದಿನದಲ್ಲಿ ತಗ್ಗುತ್ತದೆ. ಕೆಲವು ವಾರ ಕಳೆದ ಮೇಲೆ ಒಂದಿನ ನೋಡಿದರೆ ಚಿಗವ್ವ ನಳದ ಹತ್ತಿರ ತುಂಬಿದ ಕೊಡ ಸೊಂಟಕ್ಕೆ ಏರಿಸುತ್ತಿದ್ದಾಳೆ! "ನೋವೇ ಇಲ್ಲ ಬಿಡೋ, ಆರಾಮ ಆಗೀನಿ" ಅಂದಳು. ಡಿಸ್ಚಾರ್ಜ್ ಚೀಟಿಯಲ್ಲಿ ಭಾರ ಎತ್ತುವ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕ್ಯಾನ್ಸರ್ ಕಣಗಳು ಮೂಳೆ ಕರಗಿಸುವ ಜೀವಕೋಶಗಳನ್ನು ಕೆರಳಿಸುತ್ತವೆ. ಅದರಿಂದ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ರೇಡಿಯೇಷನ್ ಈ ಹಾವಳಿಯನ್ನು ತಗ್ಗಿಸುತ್ತದೆ, ಬಹಳ ಜನರಿಗೆ ಕೆಲವೇ ವಾರಗಳಲ್ಲಿ ನೋವು ಇಳಿಯುತ್ತದೆ. ಆದರೆ ಕರಗಿದ ಜಾಗದಲ್ಲಿ ಹೊಸ ಮೂಳೆ ಕೂತು ಸುಣ್ಣ ತುಂಬಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ಕೆಲವರಿಗೆ ಪೂರ್ತಿ ತುಂಬೋದೂ ಇಲ್ಲ. ಈ ನಡುವಿನ ಕಾಲದಲ್ಲೇ ಮೂಳೆ ಕುಸಿಯುವ ಭಯ. ಆಗ ಬಗ್ಗಿ ಭಾರ ಎತ್ತೋದು, ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡಿಕೊಂಡು ಹೋಗೋದು ಎರಡೂ ಬೇಡ. ಇನ್ನು ಬೆನ್ನು ತಿಕ್ಕಿಸೋದು, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳೋದು ಅಂತ ಇದೆಯಲ್ಲ, ದಯವಿಟ್ಟು ಇವರಿಗೆ ಅದನ್ನು ಮಾಡಿಸಲೇಬೇಡಿ. ಹಾಗಂತ ಹಾಸಿಗೆ ಹಿಡಿಸಲೂಬೇಡಿ. ಮೂಳೆ ಎಷ್ಟು ಗಟ್ಟಿಯಿದೆ ಅಂತ ಡಾಕ್ಟರನ್ನು ಕೇಳಿ, ಅವರು ಹೇಳಿದಷ್ಟು ಓಡಾಡಲಿ.

"ಬಡವರಂತ ಒಂದೇ ಸಲ ಕೊಟ್ಟು ಕಳಿಸಿದ್ರು" ಅನ್ನೋ ಮಾತೂ ಕೇಳಿದ್ದೇನೆ. ನೋವಿನ ಮಟ್ಟಿಗೆ, ಒಂದೇ ಸಲ 8 ಗ್ರೇ (ರೇಡಿಯೇಷನ್ ಅಳೆಯುವ ಲೆಕ್ಕ) ಕೊಟ್ಟರೂ ಹತ್ತು ದಿನಕ್ಕೆ ಹಂಚಿ 30 ಗ್ರೇ ಕೊಟ್ಟರೂ ಹೆಚ್ಚುಕಡಿಮೆ ಒಂದೇ ಆರಾಮ ಸಿಗುತ್ತದೆ. ಒಂದೇ ಸಲ ಕೊಟ್ಟವರಲ್ಲಿ ಮುಂದೆ ಇನ್ನೊಮ್ಮೆ ಕೊಡಬೇಕಾಗೋದು ಜಾಸ್ತಿ, ಅಷ್ಟೇ. ಹಾಗೇ, ತಿಂಗಳೊಳಗೆ ಸ್ಕ್ಯಾನ್ ಮಾಡಿಸಿ ಏನೂ ಬದಲಾಗಿಲ್ಲ ಅಂತ ಅಳಬೇಡಿ. ಮುಂದೆ ಸಿಟಿ ಸ್ಕ್ಯಾನಿನಲ್ಲಿ ಆ ಜಾಗ ಬೆಳ್ಳಗಾಗಿದ್ದರೆ ಅದು ಎಷ್ಟೋ ಸಲ ಮೂಳೆ ಕೂಡುತ್ತಿರುವ ಗುರುತು.

ಮೂಳೆ ಗಟ್ಟಿಯಾಗಲಿ ಅಂತ ಜೋಲೆಡ್ರಾನಿಕ್ ಆಸಿಡ್ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೂ ಮೊದಲು ಹಲ್ಲು ತೋರಿಸಿ. ಇಂಜೆಕ್ಷನ್ ಶುರುವಾದ ಮೇಲೆ ಹಲ್ಲು ಕೀಳಿಸಿದರೆ ದವಡೆಯ ಮೂಳೆ ಕೆಡುವ ಅಪಾಯವಿದೆ. ಎಲೆಅಡಿಕೆ, ತಂಬಾಕಿನಿಂದ ಹಲ್ಲು ಹಾಳಾದವರು ನಮ್ಮಲ್ಲಿ ಕಮ್ಮಿ ಇಲ್ಲ ಅಲ್ವಾ? ಸುಮ್ನೆ ಬಿಡೋ ಮಾತಲ್ಲ ಇದು.

ರೇಡಿಯೇಷನ್ ಕೊಡುವ ಪ್ರತಿ ಆಸ್ಪತ್ರೆಯೂ ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಬೇಕು. ಅದರಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇದಿರಲಿ: ಕಾಲು ಸೋತರೆ, ಜೋಮು ಏರಿದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯದೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೊರಡಿ. ಬೆನ್ನುಹುರಿ ಅಮುಕಿದ್ದರೆ, ತಡವಾದಷ್ಟೂ ಮತ್ತೆ ನಡೆಯುವುದು ಕಷ್ಟ.