ಬಾಟಲಿಯಲ್ಲಿ ಇಲಿ

ಸಾರಿಗೆ ಹುಣಸೆಹಣ್ಣು ಒಂದು ಎಸಳು ಕಮ್ಮಿಯಾದರೂ ಹೇಳಿಬಿಡುವ ನಾಲಿಗೆ ನನ್ನದು. ಆ ಜಂಬದಲ್ಲೇ ಪೇರ್ ಹಣ್ಣಿನ ರಸಕ್ಕೆ ಕೈ ಹಾಕಿದೆ.

ನಾವಿರುವುದು ಇಂಗ್ಲೆಂಡಿನ ಹೆರಿಫರ್ಡ್‌ಶೈರ್‌ನಲ್ಲಿ. ಇಲ್ಲಿ ಸೇಬಿನ ರಸ ಹುಳಿಸಿ ಸೈಡರ್ ಅನ್ನುವ ಮದ್ಯ ಮಾಡುವ ಹಾಗೆ ಪೇರ್ ರಸದಿಂದ ಪೆರಿ ಮಾಡುತ್ತಾರೆ. ಮೇ ಹಿಲ್ ಎಂಬ ಗುಡ್ಡ ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಮಾತ್ರ ಒಳ್ಳೆ ಪೆರಿ ಮರ ಬೆಳೆಯುತ್ತದೆ ಅನ್ನುವುದು ಈ ಸೀಮೆಯ ಮಾತು. ಆ ಮರದ ಹಣ್ಣು ಕಚ್ಚಿದರೆ ಬಾಯೆಲ್ಲ ಒಗರು. ನಮ್ಮ ಹಿತ್ತಲಲ್ಲಿರುವುದು ಅದಲ್ಲ, ಕಾನ್ಫರೆನ್ಸ್ ಅನ್ನುವ ತಿನ್ನುವ ಪೇರ್. 1885ರಲ್ಲಿ ಲಂಡನ್ನಿನ ಚಿಸಿಕ್‌ನಲ್ಲಿ ನಡೆದ ಪೇರ್ ಸಮ್ಮೇಳನದಲ್ಲಿ ಬಹುಮಾನ ಹೊಡೆದು ಆ ಹೆಸರು ಗಿಟ್ಟಿಸಿಕೊಂಡಿದ್ದು. ಸಮ್ಮೇಳನದ ಭಾಷಣದ ಹಾಗೇ ಬರೀ ಸಿಹಿ, ಹುಳಿ ಹೆಸರಿಗಷ್ಟೇ.

ಇಪ್ಪತ್ತು ಲೀಟರ್ ರಸ ಹಿಂಡಿದೆ. ಪಕ್ಕದ ಮನೆಯ ಅಜ್ಜ ಹುಳಿ ಅಳೆಯುವ ಪಿಎಚ್ ಕಾಗದ ಅದ್ದಿ ನೋಡಿದರು. 4.2. ಹುಳಿ ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ. ‘3.8ಕ್ಕಿಂತ ಕೆಳಗಿಳಿಸು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ’ ಅಂದರು. ನಾನು ಒಂದು ಚಮಚ ಕುಡಿದು ನೋಡಿದೆ. ಚೆನ್ನಾಗೇ ಇತ್ತಲ್ವಾ! ಸಿಹಿಯ ಮರೆಯಲ್ಲಿ ಹುಳಿ ಎಷ್ಟಿದೆ ಅಂತ ನಾಲಿಗೆಗೆ ಗೊತ್ತಾಗುವುದಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ.

ಅಕ್ಟೋಬರಿನ ರಸ ಏಪ್ರಿಲ್‌ಗೆ ಬಾಟಲಿ ಸೇರಿತು. ನನಗಂತೂ ಇಷ್ಟವಾಯಿತು. ನಾಲ್ಕು ಜನರನ್ನು ಊಟಕ್ಕೆ ಕರೆದೆ. ಎಲ್ಲರೂ ಒಂದು ಗುಟುಕು ಕುಡಿದು ತಲೆಯಾಡಿಸಿದರು. ಹತ್ತು ಸೆಕೆಂಡ್ ಕಳೆಯಿತು. ಮುಖಗಳು ಒಂದೊಂದಾಗಿ ಕಿವುಚಿಕೊಂಡವು.

‘ಇಲಿ’ ಅಂದಳು ಹೆಂಡತಿ.

‘ಎಲ್ಲಿ?’ ಅಂತ ನಾನು ಕಾಲು ಮೇಲೆತ್ತಿದೆ.

‘ಲೋಟದಲ್ಲಿ ಕಣ್ರೀ. ಇಲಿ ಗೂಡಿನ ವಾಸನೆ.’

ಇದು ಹುಳಿ ಕಮ್ಮಿಯಾದ ಪೆರಿಗೆ ತಗಲುವ ರೋಗವಂತೆ. ಬ್ಯಾಕ್ಟೀರಿಯಾ ಕೆಲಸ. ಇಲ್ಲಿನವರು ಸುಮ್ನೆ ‘ಮೌಸ್’ ಅನ್ನುತ್ತಾರೆ. ಪೆರಿಯಲ್ಲಿರುವಷ್ಟು ಹೊತ್ತು ಹುಳಿ ಆ ವಾಸನೆಯನ್ನು ಅದುಮಿಡುತ್ತದೆ. ನುಂಗಿದ ಮೇಲೆ ಜೊಲ್ಲು ಸೇರಿ ಹುಳಿ ಇಳಿದಾಗ ಇಲಿ ಹೊರಗೆ ಬರುತ್ತದೆ. ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ. ಆ ಕೆಲವರಲ್ಲಿ ಸಾರಿನ ಹುಳಿ ಅಳೆಯುವ ನಾನೂ ಒಬ್ಬ!

ಊರಿಗೆ ಫೋನ್ ಮಾಡಿದಾಗ ಬೇಜಾರಿನಲ್ಲಿ ‘ಆಸಿಡಿಟಿ ತೊಂದರೆ ಅಮ್ಮಾ’ ಅಂದುಬಿಟ್ಟೆ.

‘ಹೊತ್ತು ಮೀರಿ ತಿನ್ಬೇಡ ಅಂತ ಎಷ್ಟು ಸಲ ಹೇಳ್ಲಿ? ಜೀರಿಗೆ ಕಷಾಯ ಕುಡಿಯೋ.’

ಜಾಸ್ತಿ ಅಲ್ಲ, ಕಮ್ಮಿ ಆಗಿರೋದು ಅನ್ನಲು ಬಾಯಿ ಬರಲಿಲ್ಲ. ಯಾವುದರಲ್ಲಿ ಅಂತ ಕೇಳಿದ್ದರೆ?

ಮುಂದಿನ ವರ್ಷ ನಿಂಬೆಹಣ್ಣು ಹಿಂಡಿದೆ. ಕಾಗದದ ಬಣ್ಣ ಸರಿಹೋಯಿತು, ಪೆರಿ ಕೆಟ್ಟಿತು. ನಿಂಬೆಯ ಸಿಟ್ರಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ತಿಂದು ವಿನೆಗರ್ ಹುಳಿ ಬಿಡುತ್ತವೆ ಅಂತ ಅಜ್ಜ ಆಮೇಲೆ ಹೇಳಿದರು. ಹಾಲಿಗೆ ಹುಳಿ ಹಿಂಡಿದವರನ್ನು ಕೇಳಿದ್ದೇವೆ, ನಾನು ಹುಳಿಗೇ ಹುಳಿ ಹಿಂಡಿದ್ದೆ.

ಮೂರನೇ ವರ್ಷ ಮ್ಯಾಲಿಕ್ ಆಮ್ಲದ ಪುಡಿ ತಂದೆ. ಪೇರ್‌ನಲ್ಲಿ ಹುಟ್ಟಾ ಇರುವ ಹುಳಿಯೇ ಅದು. ಲೀಟರಿಗೆ ಎರಡು ಗ್ರಾಂ ಹಾಕಿ, ಕಲಕಿ, ಮತ್ತೆ ಅಳೆದು ನೋಡು ಅಂದಿದ್ದರು ಅಜ್ಜ. ಅಡುಗೆಮನೆಯ ತಕ್ಕಡಿಯ ಬ್ಯಾಟರಿ ಸತ್ತಿತ್ತು. ಸಾರಿಗೆ ಹಾಕಿ ಪಳಗಿದ ಕೈ ಅಲ್ವಾ, ಕಣ್ಣಂದಾಜಿನಲ್ಲಿ ಸುರಿದೆ. ಕುಡಿದ ಅಜ್ಜ ಹಲ್ಲು ಹಿಡಿದುಕೊಂಡು ಮನೆಗೆ ಹೋದರು.

ಮೊನ್ನೆ ಅರಸೀಕೆರೆ ಕಡೆಯ ಗೆಳೆಯ ಬಂದಿದ್ದ. ಹೊಸದನ್ನು ಒಂದು ಗುಟುಕು ಕುಡಿದು ಲೋಟ ದೂರ ತಳ್ಳಿದ. ‘ಹೋದ್ಸಲ ಕೊಟ್ಟಿದ್ಯಲ್ಲ ಮಾರಾಯ, ಆ ಮೊದಲ್ನೇ ವರ್ಷದ್ದು. ಅದು ಚೆನ್ನಾಗಿತ್ತು. ಉಳಿದಿದೆಯಾ?’

ಆರು ಬಾಟಲಿ ಉಳಿದಿತ್ತು. ನಾವಿಬ್ಬರೂ ಗ್ಯಾರೇಜಿನಲ್ಲಿ ಕೂತೆವು. ಹೆಂಡತಿ ಕಿಟಕಿ ಹಾಕಿಕೊಂಡಳು.